ಒಣ ಕೈ

೧೯೪೫ ಜೂನ್ ೨೯, ಶುಕ್ರವಾರ. ಮಾನ್ವಿ

ಬಾಯಿ ಬಿಟ್ಟರೆ ಜಗಳ, ಬಿಡದಿದ್ದರೆ ಎದೆ ಉರಿ. ಅದಕ್ಕೇ ಇವರ ತಹಸೀಲ್ ಕಚೇರಿಯ ಹಳೆಯ ಕಾಗದಗಳನ್ನು ಹೊಲಿದುಕೊಂಡು ಬರೆಯಲು ಕೂತಿದ್ದೇನೆ. ಒಂದು ಮಗ್ಗುಲು ನಿಜಾಮ ಸರ್ಕಾರದ ಉರ್ದು, ಇನ್ನೊಂದು ಮಗ್ಗುಲು ನಾನು. ಯಾರಾದರೂ ಓದಿದರೆ ಓದಲಿ. ನನ್ನ ಪೆಟ್ಟಿಗೆ ತೆಗೆಯುವ ಧೈರ್ಯ ಈ ಮನೆಯಲ್ಲಿ ಒಬ್ಬರಿಗೂ ಇಲ್ಲ.

ಇವತ್ತು ನಾದಿನಿ ಅನಸೂಯಾಳನ್ನು ಕರೆದುಕೊಂಡು ರಾಯಚೂರಿನ ಆಸ್ಪತ್ರೆಗೆ ಹೋಗಿ ಬಂದೆ. ಇದ್ದಿಲ ಹೊಗೆಯ ಮೇಲೆ ಓಡುವ ಬಸ್ಸು ಕಲ್ಲೂರಿನ ಹತ್ತಿರ ಕೆಟ್ಟು ನಿಂತು, ಏಳು ತಿಂಗಳ ಬಸುರಿ ಬಿಸಿಲಲ್ಲಿ ಬೇವಿನ ಬುಡಕ್ಕೆ ಕೂತಳು. ಅಷ್ಟಕ್ಕೇ ಅವಳಿಗೆ ಏದುಸಿರು. ಎರಡು ವರ್ಷದ ಹಿಂದೆ ದೇವದುರ್ಗದ ಗಂಡನ ಮನೆಯಲ್ಲಿ ಹೆತ್ತಾಗ ಕೂಸು ಹೋಯಿತು, ರಕ್ತ ಹೋಗಿ ಹೋಗಿ ಇವಳು ಉಳಿದದ್ದೇ ಹೆಚ್ಚು. ಅದಕ್ಕೇ ಈ ಸಲ ಐದರಲ್ಲೇ ತವರಿಗೆ ಕರೆತಂದಿದ್ದೇವೆ.

ಲೇಡಿ ಡಾಕ್ಟರು ಅವಳ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದರು. ಒಳಗೆ ಕೆಂಪೇ ಇಲ್ಲ, ಮಜ್ಜಿಗೆಯ ಹಾಗೆ ಬಿಳಿ. ಆಮೇಲೆ ನನ್ನೊಬ್ಬಳನ್ನೇ ಹೊರಗೆ ಕರೆದರು. ಹೋದ ಸಲದಷ್ಟು ರಕ್ತ ಈ ಸಲವೂ ಹೋದರೆ ಹುಡುಗಿ ಉಳಿಯುವುದಿಲ್ಲ, ಹೆರಿಗೆಯ ಹೊತ್ತಿಗೆ ಮೈಯಲ್ಲಿ ರಕ್ತ ಕೂಡಿಸಬೇಕು ಎಂದು ಸ್ಪಷ್ಟವಾಗಿ ಹೇಳಿದರು. ಅದಕ್ಕೆ ಕೊಟ್ಟದ್ದು ಕಬ್ಬಿಣದ ಪುಡಿ, ಕಂದು ಗಾಜಿನ ಬಾಟಲಿಯಲ್ಲಿ, ಬಿರಡೆಯ ಮೇಲೆ ಮೇಣ ಹಾಕಿ. ಹಿಂದೆ ಶಾಯಿ ಕುದಿಸುವಾಗ ಹಾಕುತ್ತಿದ್ದ ಅನ್ನಭೇದಿಯನ್ನೇ ಶುದ್ಧ ಮಾಡಿ ಒಣಗಿಸಿದ್ದಂತೆ. ಯುದ್ಧದ ದೆಸೆಯಿಂದ ಸಿಕಂದರಾಬಾದಿನಿಂದ ಔಷಧ ಬರುವುದೇ ನಿಂತಿದೆ, ಇದನ್ನು ಜೀವದಂತೆ ಕಾಪಾಡು ಎಂದರು. ನೀರು ಸೋಕಬಾರದು, ಒಲೆಯ ಹಬೆ ತಾಗಬಾರದು. ಒಣ ಕೈ, ಒಣ ಕಟ್ಟಿಗೆ ಚಮಚ, ತೆಗೆದ ಕೂಡಲೇ ಬಿರಡೆ. ಬೂದು ಬಿಳಿ ಪುಡಿ ಕೆಂಪಗೆ ತಿರುಗಿದರೆ ಕೆಟ್ಟಿತೆಂದೇ ಲೆಕ್ಕ. ಎಳೆಯ ಮಕ್ಕಳ ಕೈಗೆ ಸಿಕ್ಕರೆ ಪ್ರಾಣಕ್ಕೆ ಬರುತ್ತದೆ. ನನ್ನ ಹೆಣ್ಣುಮಕ್ಕಳಿಬ್ಬರೂ ರಾಯಚೂರಿನಲ್ಲಿ ನನ್ನ ಅಪ್ಪನ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದಾರೆ, ಆ ಭಯವಿಲ್ಲ.

ಮನೆಯಲ್ಲಿ ಭಯಪಡಬೇಕಾದವರು ಬೇರೆಯೇ ಇದ್ದಾರೆ.

ಜುಲೈ ೧, ಭಾನುವಾರ

ಇವತ್ತು ಬಾಟಲಿಯ ವಿಚಾರಣೆ ನಡೆಯಿತು. ನ್ಯಾಯಾಧೀಶರು ನನ್ನ ಅತ್ತೆ ಸತ್ಯಭಾಮಾಬಾಯಿಯವರು.

ಮಾವನವರು ತೀರಿಕೊಂಡ ಮೇಲೆ ಅವರ ಮಡಿ ಒಂದಕ್ಕೆ ಎರಡಾಗಿದೆ. ಬೋಳು ತಲೆ, ಕೆಂಪು ಸೀರೆ. ಬೆಳಗ್ಗೆ ಬಾವಿಯ ನೀರು ಸುರಿದುಕೊಂಡು ಒದ್ದೆ ಸೀರೆಯಲ್ಲೇ ಒಲೆ ಹಚ್ಚುವವರು. ಅವರು ಮಡಿಯಲ್ಲಿರುವಾಗ ನಾನು ಒಂದು ಲೋಟ ಮುಟ್ಟಬೇಕಾದರೂ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, "ಮುಟ್ಟಲೇನ್ರಿ ಅತ್ಯಾ?" ಎಂದು ಕೇಳಬೇಕು. ಹದಿನಾಲ್ಕು ವರ್ಷದಿಂದ ಕೇಳುತ್ತಿದ್ದೇನೆ. ಒಮ್ಮೊಮ್ಮೆ ಉತ್ತರವೇ ಬರುವುದಿಲ್ಲ, ಕಂಬದ ಹಾಗೆ ನಿಂತಿರಬೇಕು.

ಬಾಟಲಿಯನ್ನು ಮುಟ್ಟದೆ, ದೂರದಿಂದ ಸುತ್ತಲೂ ನೋಡಿದರು. ಅದರ ಮೈಗೆ ಹಚ್ಚಿದ ಚೀಟಿ ಯಾತರಿಂದ ಅಂಟಿಸಿದ್ದು ಎಂದು ಕೇಳಿದರು. ಅನ್ನದ ಗಂಜಿಯಿಂದ ಇರಬೇಕು ಎಂದೆ. ಸುಮ್ಮನೆ ಗೊತ್ತಿಲ್ಲ ಎನ್ನಬೇಕಿತ್ತು! ಅನ್ನ ತಾಗಿದ್ದು ಮುಸುರೆ, ಆದ್ದರಿಂದ ಬಾಟಲಿ ಮುಸುರೆ, ಅದರೊಳಗಿನದು ತನ್ನ ಮಗಳ ಹೊಟ್ಟೆಗೆ ಹೇಗೆ ಹೋಗಬೇಕು ಎಂದು ಹಿಡಿದರು. ಔಷಧಕ್ಕೆ ಮಡಿ ನೋಡಬಾರದೆಂದು ಮಠದ ಆಚಾರ್ಯರೇ ಹೇಳುತ್ತಾರಲ್ಲ ಎಂದೆ.

"ಔಷಧಕ್ಕ ಇಲ್ಲವಾ. ಬಾಟ್ಲಿಗೆ ಅದ," ಎಂದರು.

ಇವರ ಮುಖ ನೋಡಿದೆ. ಇವರು ಅಡಿಕೆ ಕತ್ತರಿಸುತ್ತ ಅಡಿಕೆಯನ್ನೇ ನೋಡುತ್ತಿದ್ದರು. ಅವ್ವ ಮತ್ತು ಹೆಂಡತಿಯ ನಡುವೆ ಬರುವುದಿಲ್ಲ ಎಂಬುದು ಇವರ ವ್ರತ, ಅದಕ್ಕೆ ಉದ್ಯಾಪನೆಯೇ ಇಲ್ಲ.

ಕೊನೆಗೆ ಬಾಟಲಿ ಪಡಸಾಲೆಯ ಗೂಡಿನಲ್ಲಿರುವುದು, ಅಡುಗೆಮನೆಗೆ ಬರಕೂಡದು ಎಂದು ತೀರ್ಮಾನವಾಯಿತು. ನನಗೂ ಅದೇ ಬೇಕಿತ್ತು, ಹಬೆಯಿಂದ ದೂರ. ಗೆದ್ದೆ ಎಂದು ತೋರಿಸಿಕೊಳ್ಳಲಿಲ್ಲ.

ಜುಲೈ ೬, ಶುಕ್ರವಾರ

ಊಟವಾದ ಮೇಲೆ ಪುಡಿಯನ್ನು ಬೆಲ್ಲದಲ್ಲಿ ಗುಳಿಗೆ ಕಟ್ಟಿ ಕೊಡುತ್ತೇನೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ. ಇವತ್ತು ಅನಸೂಯಾ ಹಿತ್ತಲಿನಿಂದ ಅಳುತ್ತಾ ಬಂದಳು. ಹೊರಕಡೆ ಕಪ್ಪಗೆ ಹೋಗುತ್ತಿದೆಯಂತೆ, ತಾನು ಸಾಯುತ್ತೇನಂತೆ. ಡಾಕ್ಟರು ಹಾಗೇ ಆಗುತ್ತದೆ ಎಂದು ಮೊದಲೇ ಹೇಳಿದ್ದರು, ನಾನು ಇವಳಿಗೆ ಹೇಳಲು ಮರೆತಿದ್ದೆ. ಹೇಳಿದ ಮೇಲೆ ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಈ ಮನೆಯಲ್ಲಿ ಹಾಗೆ ನಕ್ಕು ಬಹಳ ದಿನವಾಗಿತ್ತು.

ಜುಲೈ ೧೧, ಬುಧವಾರ

ತಿಂಗಳ ಮೂರು ದಿನ ಬಂತು, ದೂರ ಕೂತಿದ್ದೇನೆ. ಹಿತ್ತಲ ಕೋಣೆ, ಒಂದು ಚಾಪೆ, ಒಂದು ತಂಬಿಗೆ. ಅನ್ನವನ್ನು ಮೇಲಿನಿಂದ ನನ್ನ ತಟ್ಟೆಗೆ ಬೀಳಿಸಿ ಹೋಗುತ್ತಾರೆ, ನಾಯಿಗೆ ಹಾಕಿದ ಹಾಗೆ.

ಗುಳಿಗೆಯನ್ನು ತಾವೇ ಕೊಡುವುದಾಗಿ ಹೇಳಿದರು ಅತ್ತೆ. ಒಣ ಕೈ, ಒಣ ಚಮಚ, ಬಿರಡೆ ಎಂದು ಇಲ್ಲಿಂದಲೇ ಕೂಗಿ ಹೇಳಿದೆ. ತನಗೆ ಕಿವಿ ಕೇಳಿಸುತ್ತದೆ ಎಂದರು.

ಜುಲೈ ೧೪, ಶನಿವಾರ

ಸಿಟ್ಟಿನಲ್ಲಿ ಗೀಚುತ್ತಿದ್ದೇನೆ. ಅಕ್ಷರ ಕೆಟ್ಟರೆ ಕೆಡಲಿ.

ಬೆಳಗ್ಗೆ ತಲೆಗೆ ಎರೆದುಕೊಂಡು ಒಳಗೆ ಬಂದೆ. ತುಳಸಿಕಟ್ಟೆಯ ಮೇಲೆ ಕಂದು ಬಾಟಲಿ ಬೋರಲಾಗಿ ಬಿದ್ದಿತ್ತು. ತೊಳೆದು, ಚೀಟಿ ಕೆರೆದು ತೆಗೆದು, ಬಿಸಿಲಿಗೆ ಇಟ್ಟಿದ್ದಾರೆ! ಪುಡಿ ಎಲ್ಲಿ ಎಂದರೆ ದೇವರ ಕೋಣೆಯಲ್ಲಂತೆ, ತಾಮ್ರದ ಡಬ್ಬಿಯಲ್ಲಂತೆ. ಗಾಜು ಮೈಲಿಗೆ, ತಾಮ್ರ ಶುದ್ಧ. ಮಗಳು ತಿನ್ನುವುದು ಶುದ್ಧವಾಗಿರಲಿ ಎಂದು ಆ ಡಬ್ಬಿಯನ್ನು ಹುಣಸೆಹಣ್ಣಿನಿಂದ ತಿಕ್ಕಿ, ತೊಳೆದು, ಒರೆಸದೆಯೇ ಪುಡಿ ಸುರಿದಿದ್ದಾರೆ. ಒರೆಸಲು ಒಣ ಬಟ್ಟೆ ಮುಟ್ಟಿದರೆ ಮಡಿ ಕೆಡುತ್ತದಲ್ಲ! ಆಮೇಲೆ ಹೊತ್ತುಹೊತ್ತಿಗೆ ಒದ್ದೆ ಸೀರೆಯಲ್ಲಿ ಬಂದು, ಒದ್ದೆ ಬೆರಳನ್ನೇ ಅದರೊಳಗೆ ಅದ್ದಿ ತೆಗೆದು ಕೊಟ್ಟಿದ್ದಾರೆ.

ಡಬ್ಬಿಯನ್ನು ಅಂಗಳದ ಬೆಳಕಿಗೆ ತಂದು ನೋಡಿದೆ. ಪುಡಿ ಗಂಟುಗಂಟಾಗಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ತಾಮ್ರಕ್ಕೆ ಹತ್ತಿದ ಕಡೆಯಲ್ಲೆಲ್ಲ ನೀಲಿ ನೀಲಿ ಕಿಲುಬು. ಅತ್ತೆಯ ಕಣ್ಣಿಗೆ ಪೊರೆ ಬಂದಿದೆ, ದೇವರ ಕೋಣೆಯಲ್ಲಿ ಹಗಲಲ್ಲೂ ಕತ್ತಲೆ, ಕಂಡಿರಲಾರದು. ಹಾಗೆಂದು ಬಿಟ್ಟುಬಿಡಬೇಕೇ?

ಅನಸೂಯಾ ಎರಡು ದಿನದಿಂದ ವಾಂತಿ ಮಾಡುತ್ತಿದ್ದಾಳೆ. ಅನ್ನ ನಿಂತಿಲ್ಲ, ನೀರು ನಿಂತಿಲ್ಲ. ನನಗೆ ಯಾರೂ ಹೇಳಲಿಲ್ಲ, ನಾನು ಹಿತ್ತಲಲ್ಲಿ ಕೂತಿದ್ದೆನಲ್ಲ. ಮಗಳು ಕೇಳಿದರೆ ಔಷಧ ಕೆಲಸ ಮಾಡುತ್ತಿದೆ, ಸಹಿಸು ಎಂದರಂತೆ. ಮೊದಲೇ ಬಿಳಿಚಿದ್ದವಳು, ಈಗ ಎದ್ದು ಕೂರಲು ಗೋಡೆ ಹಿಡಿಯುತ್ತಾಳೆ.

ನಾನು ಡಬ್ಬಿಯನ್ನು ಅತ್ತೆಯ ಕಾಲ ಬುಡಕ್ಕೆ ಸುರಿದೆ. ಅವರು ಮಡಿಯಲ್ಲಿದ್ದರು, ಹಿಂದೆ ಸರಿದರು. "ನಿಮ್ಮ ಮಡಿ ನಿಮ್ಮ ಮಗಳನ್ನ ಕೊಲ್ಲಲಿಕ್ಕತ್ತದ ಅತ್ಯಾ. ದೇವದುರ್ಗದಾಗ ಉಳದು ಬಂದಾಕಿನ್ನ ಇಲ್ಲಿ ನೀವು ಕಳಸಲಿಕ್ಕತ್ತೀರಿ," ಎಂದೆ. ಬಾಗಿಲಾಚೆ ನಿಂತಿದ್ದ ನೆರೆಯವರಿಗೆಲ್ಲ ಕೇಳಿಸಿತು. ಕೇಳಿಸಲಿ.

ಅವರು ಹಾಗೇ ಒದ್ದೆ ಸೀರೆಯಲ್ಲಿ ಒಳಗೆ ಹೋದರು. ಇವತ್ತು ಊಟ ಮಾಡಿಲ್ಲ. ಮಾಡದಿದ್ದರೆ ಬಿಡಲಿ, ನನಗೇನು?

ಜುಲೈ ೧೬, ಸೋಮವಾರ. ರಾಯಚೂರು

ಅಪ್ಪನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬೆಳಗ್ಗೆಯೇ ಆಸ್ಪತ್ರೆಗೆ ಹೋದೆ. ತಾನು ಹೋಗಿ ಬರುತ್ತೇನೆ ಎಂದಿದ್ದರು ಇವರು. ಬೇಡ, ಅಲ್ಲಿಯೂ ಅಡಿಕೆ ಕತ್ತರಿಸುತ್ತ ನಿಲ್ಲುತ್ತೀರಿ ಎಂದು ನಾನೇ ಬಂದೆ.

ಡಾಕ್ಟರು ನನ್ನನ್ನು ಬೈದ ಬೈಗುಳಕ್ಕೆ ಹೊರಗಿನ ರೋಗಿಗಳೆಲ್ಲ ತಲೆ ಒಳಗೆ ಹಾಕಿ ನೋಡಿದರು. ಕಬ್ಬಿಣದ ಪುಡಿಗೆ ನೀರು ತಾಗಿ, ಹುಳಿ ತಾಗಿ, ತಾಮ್ರ ಕರಗಿ ಮೈಲುತುತ್ತ ಆಗಿದೆ. ನೀವು ಬಸುರಿಗೆ ಕೊಟ್ಟದ್ದು ವಾಂತಿ ಬರಿಸುವ ವಿಷ ಎಂದರು. ನೀವು, ನೀವು ಎಂದು ನನಗೇ ಅಂದರು. ಮಾಡಿದವರು ಮಾನ್ವಿಯಲ್ಲಿ ಜಪ ಮಾಡುತ್ತ ಕೂತಿದ್ದಾರೆ, ಬೈಗುಳ ನನಗೆ. ಡಾಕ್ಟರ ಹತ್ತಿರ ಕೊಡಲು ಪುಡಿಯೂ ಇರಲಿಲ್ಲ. ಇದ್ದದ್ದು ವಾರ್ಡಿನ ಹೆಂಗಸರಿಗೆಂದು ತೆಗೆದಿಟ್ಟದ್ದು.

ನಾನು ಬಾಗಿಲು ಬಿಟ್ಟು ಕದಲಲಿಲ್ಲ. ಹೋಗು ಎಂದರು, ಹೋಗಲಿಲ್ಲ. ಆಸ್ಪತ್ರೆ ಬಾಗಿಲು ಹಾಕುವ ಹೊತ್ತಿಗೆ ಕರೆದು, ವಾರ್ಡಿನದರಲ್ಲಿ ಒಂದು ಪಾಲು ಹೊಸ ಬಾಟಲಿಗೆ ಹಾಕಿಸಿದರು.

"ಇದು ಬ್ಯಾರೆ ಹೆಂಗಸರ ಪಾಲಿನದು ತೆಗದು ಕೊಡ್ಲಿಕ್ಕತ್ತೀನಿ. ನೀನೊಬ್ಬಾಕಿನ ಮುಟ್ಟಬೇಕು. ಇದೂ ಕೆಟ್ಟರ ನನ್ನ ಹಂತ್ಯಾಕ ಬರಬ್ಯಾಡ, ನನ್ನ ಹಂತ್ಯಾಕ ಮತ್ತ ಏನೂ ಇರೂದಿಲ್ಲ," ಎಂದರು.

ಬಾಟಲಿಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡು ಬಂದೆ. ಹೆರಿಗೆಯವರೆಗೆ ಇದೇ, ಹೆರಿಗೆಯಾದ ಮೇಲೂ ಇದೇ. ಇದು ಕೆಟ್ಟರೆ ಅವಳು ಹೋದಳು.

ಜುಲೈ ೧೮, ಬುಧವಾರ

ಇನ್ನು ಈ ಮನೆಯಲ್ಲಿ ನನ್ನ ಕಾಯಿದೆ.

ಬಾಟಲಿ ನನ್ನ ಕೋಣೆಯಲ್ಲಿ, ಕಟ್ಟಿಗೆ ಪೆಟ್ಟಿಗೆಯಲ್ಲಿ, ಪೆಟ್ಟಿಗೆಗೆ ಬೀಗ, ಬೀಗದ ಕೈ ನನ್ನ ಸೆರಗಿನ ಗಂಟಿನಲ್ಲಿ. ಆ ಕೋಣೆಗೆ ನನ್ನ ಹೊರತು ಯಾರೂ ಕಾಲಿಡಕೂಡದು. ಬಾಟಲಿ ತೆಗೆಯುವ ಮೊದಲು ಕೈ ತೊಳೆದು, ನನ್ನದೇ ಬೇರೆ ಬಟ್ಟೆಯಿಂದ ಒರೆಸಿ, ಅಂಗಳದಲ್ಲಿ ಬಿಸಿಲಿಗೆ ಹಿಡಿದು, ಆಮೇಲೆ ಒಳಗೆ ಹೋಗುತ್ತೇನೆ. ಪುಡಿ ಮೂಗಿಗೆ ಹೋಗದಂತೆ ಸೆರಗು ಕಟ್ಟಿಕೊಳ್ಳುತ್ತೇನೆ. ತೆಗೆಯುವಾಗ ಯಾರೂ ಹೊಸ್ತಿಲಲ್ಲಿ ಸುಳಿಯಬಾರದು, ಮಾತಾಡಿಸಬಾರದು. ಆ ಬಟ್ಟೆಯನ್ನು ಬೇರೆ ಹಗ್ಗದ ಮೇಲೆ ಒಣಹಾಕಿದ್ದೇನೆ, ಅದನ್ನೂ ಯಾರೂ ಮುಟ್ಟಬಾರದು.

ಅನಸೂಯಾಳ ವಾಂತಿ ನಿಂತಿದೆ, ಗಂಜಿ ಕುಡಿಯುತ್ತಾಳೆ. ಆದರೆ ಗುಳಿಗೆ ಕಂಡರೆ ಮುಖ ತಿರುಗಿಸುತ್ತಾಳೆ. ಬೈದು, ರಮಿಸಿ, ಮತ್ತೆ ಬೈದು ನುಂಗಿಸಿದೆ. ನುಂಗಿದ ಮೇಲೆ, "ವೈನಿ, ನಿಂದೂ ಮಡಿ ಸುರು ಆತಲ್ಲ," ಎಂದು ನಕ್ಕಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮಡಿಗೂ ಇದಕ್ಕೂ ಏನು ಸಂಬಂಧ? ಅದು ಮೂಢತನ, ಇದು ತಿಳಿವಳಿಕೆ. ಇಷ್ಟು ಓದಿಸಿದ ಹುಡುಗಿಗೆ ಇಷ್ಟೂ ತಿಳಿಯುವುದಿಲ್ಲವೇ?

ಜುಲೈ ೨೨, ಭಾನುವಾರ

ಮೊನ್ನೆ ಏಕಾದಶಿಯಾಯಿತು, ಚಾತುರ್ಮಾಸ ಹಿಡಿಯಿತು. ಇನ್ನು ಒಂದು ತಿಂಗಳು ಶಾಕವ್ರತ: ಸೊಪ್ಪಿಲ್ಲ, ಕಾಯಿಪಲ್ಯವಿಲ್ಲ, ಹಣ್ಣಿಲ್ಲ. ಡಾಕ್ಟರು ಸೊಪ್ಪು ತಿನ್ನಿಸಿ ಎಂದು ಎರಡೆರಡು ಸಲ ಹೇಳಿದ್ದಾರೆ. ಅಡುಗೆಮನೆಯ ಹೊಸ್ತಿಲಿಗೆ ಹೋಗಿ, ಅನಸೂಯಾಳಿಗೆ ವ್ರತ ಬೇಡ, ಅವಳಿಗೆ ಸೊಪ್ಪು ಬೇಕೇ ಬೇಕು ಎಂದು ಹೇಳಿದೆ. ಕೇಳಲಿಲ್ಲ, ಹೇಳಿದೆ. ಅತ್ತೆ ಬೆನ್ನು ತಿರುಗಿಸಿಕೊಂಡೇ ಬೇಳೆ ಆರಿಸುತ್ತಿದ್ದರು.

ಡಬ್ಬಿ ಸುರಿದ ದಿನದಿಂದ ನನ್ನ ಜೊತೆ ಮಾತೇ ಬಿಟ್ಟಿದ್ದಾರೆ. ಮೊದಲಾದರೂ ಬಯ್ಯುತ್ತಿದ್ದರು.

ಜುಲೈ ೨೫, ಬುಧವಾರ

ಅನಸೂಯಾಳ ತಟ್ಟೆಯಲ್ಲಿ ರಾಜಗಿರಿ ಸೊಪ್ಪಿನ ಪಲ್ಯ ಕಂಡಿತು. ನಿನ್ನೆಯೂ ಇತ್ತಂತೆ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಬೇರೆ ಒಲೆ ಹಚ್ಚಿದ ಗುರುತು ಇದೆ. ಇವರು ಕಚೇರಿಗೆ ಹೋಗುವ ಮೊದಲು ಯಾರಿಗೋ ಹೇಳಿ ಮಾಡಿಸಿರಬೇಕು, ಅಂತೂ ಬುದ್ಧಿ ಬಂತು ಎಂದುಕೊಂಡೆ. ಸಂಜೆ ಹೊಗಳಿದರೆ ಯಾವ ಸೊಪ್ಪು ಎಂದು ನನ್ನನ್ನೇ ಕೇಳಿದರು. ತೋರಿಸಿಕೊಳ್ಳುವ ಸ್ವಭಾವವಲ್ಲ ಇವರದು.

ಅತ್ತೆಯ ಸೀರೆಯ ಅಂಚಿಗೆಲ್ಲ ಮಸಿ. ಈ ವಯಸ್ಸಿನಲ್ಲಿ ಅಷ್ಟು ಬಗ್ಗಿ ಒಲೆ ಊದುವುದೇಕೋ. ಹೇಳಿದರೆ ಕೇಳುವ ಪೈಕಿಯೇ ಅಲ್ಲ.

ಆಗಸ್ಟ್ ೮, ಬುಧವಾರ

ಮತ್ತೆ ಹಿತ್ತಲು. ಈ ಸಲ ಮುಂಚೆಯೇ ಹುಷಾರಾಗಿದ್ದೆ. ಮೇಣ ಸವರಿದ ಕಾಗದದಲ್ಲಿ ನಾಲ್ಕು ದಿನಕ್ಕಾಗುವಷ್ಟು ಪೊಟ್ಟಣ ಕಟ್ಟಿ ಅನಸೂಯಾಳ ಕೈಗೇ ಕೊಟ್ಟಿದ್ದೇನೆ. ಆದರೂ ಜೀವವೆಲ್ಲ ಆ ಪೆಟ್ಟಿಗೆಯ ಮೇಲೆ. ಮಳೆ ಬಿಡದೆ ಹಿಡಿದಿದೆ, ಗೋಡೆಗಳೆಲ್ಲ ತೇವ.

ನಿನ್ನೆ ಇವರು ಒದ್ದೆ ಛತ್ರಿ ಹಿಡಿದುಕೊಂಡೇ ನನ್ನ ಕೋಣೆಗೆ ನುಗ್ಗಿದ್ದರು, ಧೋತ್ರದಿಂದ ನೀರು ಸೋರುತ್ತಿತ್ತು. ನಾನು ಕಿರುಚಿದ ಕಿರುಚಿಗೆ ಅಂಗಳದವರೆಗೆ ಹಿಂದೆ ಹಿಂದೆ ನಡೆದರು. ಅಲ್ಲಿ ಮಳೆಯಲ್ಲಿ ನಿಂತು, ನೀನು ನನ್ನ ಅವ್ವನಿಗಿಂತ ಜೋರಾದಿ ಎಂದರು. ನನ್ನನ್ನು ಅವರಿಗೆ ಹೋಲಿಸುವುದೇ? ಎರಡು ಹೊತ್ತು ಮಾತಾಡಲಿಲ್ಲ.

ಆಗಸ್ಟ್ ೧೬, ಗುರುವಾರ

ಯುದ್ಧ ಮುಗಿಯಿತಂತೆ, ಜಪಾನಿನವರು ಶರಣಾದರಂತೆ. ಇವರು ಕಚೇರಿಯಿಂದ ಓಡುತ್ತಾ ಬಂದು ಹೇಳಿದರು. ಹಾಗಾದರೆ ಔಷಧ ಯಾವಾಗ ಬರುತ್ತದೆ ಎಂದು ಕೇಳಿದೆ. ಅದು ಗೊತ್ತಿಲ್ಲವಂತೆ.

ಅನಸೂಯಾಳ ಉಗುರು ಒತ್ತಿ ನೋಡಿದೆ. ಬಿಟ್ಟ ಮೇಲೆ ಸ್ವಲ್ಪ ಗುಲಾಬಿ ತಿರುಗಿತು. ಭ್ರಮೆಯಿರಬೇಕೆಂದು ಕಿಟಕಿಯ ಹತ್ತಿರ ಕರೆದೊಯ್ದು ಮತ್ತೆ ಒತ್ತಿದೆ. ಭ್ರಮೆಯಲ್ಲ. ಅತ್ತೆ ದೂರ ನಿಂತು ನೋಡುತ್ತಿದ್ದರು. ನಾನು ಹೋದ ಮೇಲೆ ಅವರೂ ಮಗಳ ಉಗುರು ಒತ್ತಿ, ಕಣ್ಣ ಹತ್ತಿರ ಹಿಡಿದು ನೋಡಿದರಂತೆ. ಪೊರೆ ಬಂದ ಕಣ್ಣಿಗೆ ಏನು ಕಾಣುತ್ತದೆ?

ಸೆಪ್ಟೆಂಬರ್ ೪, ಮಂಗಳವಾರ

ಹೆಣ್ಣು. ಇಬ್ಬರೂ ಇದ್ದಾರೆ.

ಬೆಳಗ್ಗೆ ಬೇನೆ ಶುರುವಾಗಿ ಮಧ್ಯಾಹ್ನಕ್ಕೆ ಹೆತ್ತಳು. ಸೂಲಗಿತ್ತಿ ಮುನವ್ವರ್ ಬೀ ಇದ್ದಳು, ಮಾನ್ವಿಯ ಅರ್ಧ ಊರನ್ನು ಹಿಡಿದವಳು ಅವಳೇ. ಕೂಸು ಬಂದ ಮೇಲೆ ರಕ್ತ ನಿಲ್ಲಲಿಲ್ಲ. ಬಟ್ಟೆಯ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಬಟ್ಟೆ. ನಾನು ಅನಸೂಯಾಳ ತಲೆ ಹಿಡಿದು ಕೂತಿದ್ದೆ. ಅವಳ ತುಟಿ ಸುಣ್ಣವಾಯಿತು, ಕಣ್ಣು ಮೇಲಾಯಿತು. ಮುನವ್ವರ್ ಬೀ ಹೊಟ್ಟೆ ತಿಕ್ಕುತ್ತಾ ಅಲ್ಲಾನನ್ನೂ ಯಲ್ಲಮ್ಮನನ್ನೂ ಒಂದೇ ಉಸಿರಿನಲ್ಲಿ ಕರೆಯುತ್ತಿದ್ದಳು. ಬಹಳ ಹೊತ್ತಿನ ಮೇಲೆ ನಿಂತಿತು. ಕೈ ತೊಳೆದುಕೊಳ್ಳುತ್ತಾ, "ಎರಡು ತಿಂಗಳ ಹಿಂದ ಆಗಿದ್ರ ಈ ಹುಡುಗಿ ಹೋಗಿಬಿಡ್ತಿತ್ತು ಬಾಯೀ. ಮೈಯಾಗ ಕೊಡಲಿಕ್ಕೆ ಏನರೆ ಇತ್ತು, ಕೊಟ್ಟು ಉಳಕೊಂಡ್ಲು," ಎಂದಳು.

ಹೊರಗೆ ಬಂದರೆ ಅತ್ತೆ ಬಾಣಂತಿ ಕೋಣೆಯ ಗೋಡೆಗೆ ಹಣೆ ಹಚ್ಚಿ ನಿಂತಿದ್ದರು. ಇಬ್ಬರೂ ಇದ್ದಾರೆ ಎಂದೆ. ತಲೆ ಅಲ್ಲಾಡಿಸಿದರು. ಅಷ್ಟೇ.

ಉಳಿದಿದ್ದಾಳೆ, ಆದರೆ ಕೂಡಿಸಿಟ್ಟದ್ದೆಲ್ಲ ಒಂದೇ ದಿನದಲ್ಲಿ ಹೋಯಿತು. ತಲೆ ಎತ್ತಿದರೆ ಕತ್ತಲೆ ಬರುತ್ತದೆ ಎನ್ನುತ್ತಾಳೆ. ಹೆರಿಗೆಯಾದ ಮೇಲೆ ಒಂದು ಹೊತ್ತೂ ಗುಳಿಗೆ ತಪ್ಪಬಾರದು, ತಪ್ಪಿದರೆ ಜ್ವರ ಹಿಡಿದು ಕೈಬಿಟ್ಟು ಹೋಗುತ್ತಾಳೆ ಎಂದು ಡಾಕ್ಟರು ಅವತ್ತೇ ಹೇಳಿದ್ದರು. ಬಾಟಲಿಯಲ್ಲಿ ಕಾಲು ಭಾಗ ಉಳಿದಿದೆ. ನೋಡಿ ಬಂದೆ, ಇನ್ನೂ ಬೂದು ಬಿಳಿಯಾಗಿಯೇ ಇದೆ.

ಸೆಪ್ಟೆಂಬರ್ ೬, ಗುರುವಾರ

ನನ್ನ ಹಣೆಬರಹಕ್ಕೆ ಏನನ್ನಬೇಕು? ಈ ಸಲ ದಿನದ ಲೆಕ್ಕವೇ ಇಟ್ಟಿರಲಿಲ್ಲ, ಹೊರಗಾದೆ. ಪೊಟ್ಟಣ ಕಟ್ಟಿರಲಿಲ್ಲ. ಹೆರಿಗೆಯ ಗದ್ದಲದಲ್ಲಿ ಅದು ನೆನಪಾಗಬೇಕೇ?

ಇವರು ಸಿಹಿ ಸುದ್ದಿ ಹೊತ್ತುಕೊಂಡು ದೇವದುರ್ಗಕ್ಕೆ, ಅನಸೂಯಾಳ ಗಂಡ ವಾದಿರಾಜನ ಮನೆಗೆ ಹೋಗಿದ್ದಾರೆ. ಮುನವ್ವರ್ ಬೀ ಬೆಳಗ್ಗೆ ಎರೆದು ಹೋದವಳು ನೀರಮಾನ್ವಿಗೆ ಇನ್ನೊಂದು ಹೆರಿಗೆಗೆ ಹೋದಳು, ಬರುವುದು ನಾಳೆ. ಮನೆಯಲ್ಲಿ ಉಳಿದವರು ಬಾಣಂತಿ, ಕೂಸು, ಅತ್ತೆ, ನಾನು.

ನಾನೇ ಕೊಡುತ್ತೇನೆ, ಏನಾಗುತ್ತದೋ ಆಗಲಿ ಎಂದು ಎದ್ದು ಒಳಗೆ ನಡೆದೆ. ಅತ್ತೆ ಅಡ್ಡ ಬರಲಿಲ್ಲ. ಅಡ್ಡ ಬಂದವಳು ಅನಸೂಯಾ. ಕೂಸನ್ನು ಎದೆಗೆ ಒತ್ತಿಕೊಂಡು, "ವೈನಿ, ನಿನ್ನ ಕಾಲಿಗೆ ಬೀಳ್ತೀನಿ, ಕೂಸದ, ಒಳಗ ಬರಬ್ಯಾಡ," ಎಂದು ಅಳಹತ್ತಿದಳು. ಒಂದು ಕೂಸನ್ನು ಕಳಕೊಂಡವಳು. ಏನು ಹೇಳಲಿ? ಬೈಯಲೂ ಆಗದೆ ತಿರುಗಿ ಬಂದೆ, ಚಾಪೆಯನ್ನು ಕಾಲಿಂದ ಒದ್ದೆ.

ಮಧ್ಯಾಹ್ನವಾಯಿತು. ಅತ್ತೆ ಬಾವಿಯ ಆಚೆ ನಿಂತು ಬೀಗದ ಕೈ ಕೇಳಿದರು. ಎಷ್ಟು ದಿನದ ಮೇಲೆ ನನ್ನ ಜೊತೆ ಮಾತು! ಮೈಮೇಲೆ ಅದೇ ಒದ್ದೆ ಸೀರೆ, ಬೆರಳ ತುದಿಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಕೊಡುವುದಿಲ್ಲ ಎಂದೆ. ಆ ಕೈಯಲ್ಲಿ ನನ್ನ ಬಾಟಲಿ ಮುಟ್ಟಿದರೆ ಬೀಗದ ಕೈಯನ್ನು ಈ ಬಾವಿಗೇ ಹಾಕುತ್ತೇನೆ ಎಂದೆ. ಅವರು ಹೊರಟುಹೋದರು. ಹಟಮಾರಿ ಹೆಂಗಸು, ಮಗಳಿಗಿಂತ ಮಡಿ ಹೆಚ್ಚು ಎಂದು ಬೈದುಕೊಂಡೆ, ಅವರಿಗೆ ಕೇಳುವ ಹಾಗೆಯೇ.

ತಿರುಗಿ ಬಂದಾಗ ನನಗೆ ಗುರುತೇ ಸಿಗಲಿಲ್ಲ. ಒಣ ಸೀರೆ ಉಟ್ಟಿದ್ದರು. ಪೆಟ್ಟಿಗೆಯಲ್ಲಿ ಮಡಚಿಟ್ಟಿದ್ದ, ಮಡಿಯಲ್ಲದ ಸೀರೆ. ಹೊತ್ತು ನೆತ್ತಿ ದಾಟಿದ್ದರೂ ಅವರ ಊಟ ಇನ್ನೂ ಆಗಿಲ್ಲ, ಅದನ್ನು ಉಟ್ಟು ಒಲೆಯ ಹತ್ತಿರ ಹೋಗುವಂತಿಲ್ಲ. ಬಾವಿ ದಾಟಿ ಈ ಹಿತ್ತಲ ಕೋಣೆಯ ಹೊಸ್ತಿಲಿಗೇ ಬಂದು ನಿಂತರು. ಎರಡೂ ಕೈ ಮುಂದೆ ಚಾಚಿದರು.

"ಬಿಸಲಿಗೆ ಹಿಡದು ಒಣಗಿಸೀನಿ. ನನಗ ಕಣ್ಣು ಕಾಣಂಗಿಲ್ಲ. ನೀ ಮುಟ್ಟಿ ನೋಡು," ಎಂದರು.

ಮುಟ್ಟಿ ನೋಡಿದೆ. ಅಂಗೈ ಒಣಗಿತ್ತು, ಬೆಚ್ಚಗಿತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಕಿರುಬೆರಳ ಸಂದಿಯಲ್ಲಿ ಇನ್ನೂ ತೇವ ಇತ್ತು. ಒರೆಸಿಕೊಂಡು ಬನ್ನಿ ಎಂದು ಕಳಿಸಿದೆ.

ಹೋದರು. ಮತ್ತೆ ಬಂದರು. ಮತ್ತೆ ಹೊಸ್ತಿಲಲ್ಲಿ ನಿಂತರು. ನಾನು ಪೆನ್ಸಿಲು ಚೂಪು ಮಾಡುತ್ತಿದ್ದೆ, ಮುಗಿಯುವವರೆಗೆ ನಿಂತೇ ಇದ್ದರು. ಆಮೇಲೆ ನೋಡಿದೆ, ಪೂರಾ ಒಣಗಿತ್ತು. ಬೀಗದ ಕೈಯನ್ನು ಅವರ ಕೈಯಲ್ಲಿಟ್ಟೆ. ಒಣ ಚಮಚ ಎಲ್ಲಿದೆ, ಬಟ್ಟೆ ಯಾವ ಹಗ್ಗದ ಮೇಲಿದೆ, ಬಿರಡೆ ಎಷ್ಟು ಬಿಗಿಯಬೇಕು, ಎಲ್ಲ ಹೇಳಿದೆ. ಒಂದೊಂದಕ್ಕೂ ಹೂಂ ಎಂದರು. ಎರಡನೆಯ ಸಲವೂ ಹೇಳಿದೆ, ಆಗಲೂ ಹೂಂ ಎಂದರು.

ಗುಳಿಗೆ ನುಂಗಿದೆನೆಂದು ಅನಸೂಯಾ ಒಳಗಿನಿಂದಲೇ ಕೂಗಿದಳು. ಬಣ್ಣ ಹೇಗಿತ್ತು ಎಂದು ಕೇಳಿದೆ. ಬೂದು ಬಿಳಿ ಎಂದಳು.

ಇನ್ನು ಅತ್ತೆ ನನ್ನನ್ನು ಮುಟ್ಟಿದ ಮೈಲಿಗೆ ಕಳೆಯಲು ಬಾವಿಗೆ ಬರಬೇಕಲ್ಲ ಎಂದು ರಾಟೆಯ ಸದ್ದಿಗೆ ಕಾದೆ. ಬರಲಿಲ್ಲ. ನೆರಳು ಗೋಡೆ ಹತ್ತಿದರೂ ಬರಲಿಲ್ಲ. ಅನಸೂಯಾಳನ್ನು ಕೂಗಿ ಕೇಳಿದರೆ, ಅವ್ವ ಬಾಗಿಲಲ್ಲಿ ಕೂತಿದ್ದಾಳೆ, ಸ್ನಾನ ಮಾಡಿದರೆ ಕೈ ಒದ್ದೆಯಾಗುತ್ತದಂತೆ, ಸಂಜೆಯ ಗುಳಿಗೆ ಕೊಡುವವರೆಗೆ ನೀರು ಮುಟ್ಟುವುದಿಲ್ಲವಂತೆ ಎಂದಳು. ಊಟ? ಸ್ನಾನವಿಲ್ಲದೆ ಹೇಗೆ ಉಣ್ಣುತ್ತಾಳೆ ವೈನಿ, ಎಂದಳು. ಅವರಿಗೆ ದಿನಕ್ಕೆ ಒಂದೇ ಹೊತ್ತು ಊಟ. ಅದೂ ಇವತ್ತು ಹೋಯಿತು.

ಎಲ್ಲದರಲ್ಲೂ ಅತಿ ಈ ಹೆಂಗಸಿನದು! ಸ್ನಾನ ಮಾಡಿ ಉಂಡು, ಮತ್ತೆ ಕೈ ಒಣಗಿಸಿಕೊಂಡು ಬಂದರೆ ನಾನೇನು ಬೇಡ ಎನ್ನುತ್ತಿದ್ದೆನೇ? ಸಂಜೆ ಬೀಗದ ಕೈ ತರಲಿ, ಬಾಯಿಗೆ ಬಂದಂತೆ ಬೈಯುತ್ತೇನೆ. ನಾಳೆ ಅವರು ಮೊದಲು ಉಣ್ಣಬೇಕು, ಉಂಡ ಮೇಲೆಯೇ ಬೀಗದ ಕೈ ಕೊಡುವುದು. ಮತ್ತು ಕಿರುಬೆರಳ ಸಂದಿ ಮರೆಯಬಾರದು.